ಬರಿಗೈ ಬ್ಯಾರನ್ನನಿಗೆ ಇಂಗ್ಲಿಷಿನಲ್ಲಿ ಏನು ಹೆಸರು?

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಜರ್ಮನ್‌ನಿಂದ ಇಂಗ್ಲಿಷಿಗೆ ಅನುವಾದ ಮಾಡುತ್ತೇನೆ. ಇಷ್ಟು ದಿನ ಬರೀ ಕಂಪನಿ ಕಾಗದಪತ್ರ, ಯಂತ್ರಗಳ ಕೈಪಿಡಿ. ಈಗ ಮೊದಲ ಸಲ ಒಂದು ನಗೆನಾಟಕ ಕೈಗೆ ಬಂದಿದೆ. ರೈನ್ ನದಿ ದಡದ ಒಂದು ಊರಿನ ಹವ್ಯಾಸಿ ತಂಡದವರು ಕಾರ್ನಿವಲ್ ಹಬ್ಬಕ್ಕೆ ಆಡುವ ನಾಟಕ ಇದು. ಅದನ್ನೇ ಇಂಗ್ಲೆಂಡಿನಲ್ಲಿ ಇಂಗ್ಲಿಷಿನಲ್ಲಿ ಆಡಬೇಕಂತೆ. ನಾಯಕನ ಹೆಸರು 'ಫ್ರೈಹೆರ್ ಫೊನ್ ಉಂಟ್ ತ್ಸು ಹಾಬೆನಿಶ್ಟ್ಸ್ ಔಫ್ ಲೇರೆನ್‌ಫೆಲ್ಸ್'. ಕಾಸಿಲ್ಲದ ಜಮೀನ್ದಾರ. ಸುಂಕದ ಕಚೇರಿಯ ಗುಮಾಸ್ತನ ಹೆಂಡತಿಗೆ ಒಂದು ಸಾಲಿನಷ್ಟು ಉದ್ದದ ಬಿರುದು. ಕೊನೆಯಲ್ಲಿ ಕಾರ್ನಿವಲ್ ರಾಜಕುಮಾರ ಬರುತ್ತಾನೆ, ಅವನನ್ನು 'ಝೈನೆ ಟೊಲಿಟೇಟ್' ಎಂದು ಕರೆಯುತ್ತಾರೆ. ಎರಡನೇ ಅಂಕದಲ್ಲಿ ಸಾಲ ಕೊಟ್ಟವನು ನಾಯಕನ ಹೆಸರು ಹಿಡಿದೇ ಒಂದು ಜೋಕ್ ಮಾಡುತ್ತಾನೆ. ಕೆಲಸ ಕೊಟ್ಟವರು 'ಹೆಸರು ಮಾತ್ರ ಮುಟ್ಟಬೇಡಿ' ಅನ್ನುತ್ತಿದ್ದಾರೆ. ಮುಟ್ಟದಿದ್ದರೆ ಇಂಗ್ಲಿಷ್ ಪ್ರೇಕ್ಷಕರು ನಗುವುದಿಲ್ಲ. ಏನು ಮಾಡಲಿ?

ಉತ್ತರ: ಹೆಸರನ್ನು ಮುಟ್ಟಲೇಬೇಕು. ಆದರೆ ಪೂರ್ತಿ ಅಲ್ಲ. ಯಾವ ತುಂಡನ್ನು ಹಾಗೇ ಬಿಡಬೇಕು, ಯಾವುದನ್ನು ಬದಲಿಸಬೇಕು ಅನ್ನುವುದೇ ಇಲ್ಲಿನ ಕೆಲಸ.

'ಮುಟ್ಟಬೇಡಿ' ಅನ್ನುವವರ ಮಾತಿಗೂ ಕಾರಣವಿದೆ. ನೀವು ಇದುವರೆಗೆ ಮಾಡಿದ ಕಾಗದಪತ್ರಗಳಲ್ಲಿ ಅದೇ ಸರಿಯಾದ ನಿಯಮ. ಜರ್ಮನಿಯಲ್ಲಿ 1919ರ ವೈಮಾರ್ ಸಂವಿಧಾನದ 109ನೇ ವಿಧಿ ಬಂದ ಮೇಲೆ ಫ್ರೈಹೆರ್ (ಬ್ಯಾರನ್), ಗ್ರಾಫ್ (ಕೌಂಟ್) ಇವೆಲ್ಲ ದೊಡ್ಡ ಮನೆತನದ ಪದವಿಗಳಾಗಿ ಉಳಿಯಲಿಲ್ಲ, ಮನೆತನದ ಹೆಸರಿನ ಭಾಗವಾದವು. ಹಾಗಾಗಿ ಒಬ್ಬ ನಿಜವಾದ ಮನುಷ್ಯನ ಹೆಸರಿನಲ್ಲಿರುವ 'ಫ್ರೈಹೆರ್' ಅನ್ನು ಕರಾರು ಪತ್ರದಲ್ಲಿ 'ಬ್ಯಾರನ್' ಎಂದು ಬದಲಿಸಿದರೆ ತಪ್ಪಾಗುತ್ತದೆ. ಆಸ್ಟ್ರಿಯಾದವರು ಅದೇ ವರ್ಷ ಏಪ್ರಿಲ್‌ನಲ್ಲಿ ಇನ್ನೂ ಮುಂದೆ ಹೋದರು, 'ಫೊನ್' ಅನ್ನುವ ಪುಟ್ಟ ಪದವನ್ನೂ ಹೆಸರಿನಿಂದ ತೆಗೆಸಿದರು. ನಿಮ್ಮ ನಾಟಕ ಯಾವ ಕಾಲದಲ್ಲಿ, ಯಾವ ದೇಶದಲ್ಲಿ ನಡೆಯುತ್ತದೆ ಅಂತ ಮೊದಲು ನೋಡಿಕೊಳ್ಳಿ. 1930ರ ವಿಯೆನ್ನಾದಲ್ಲಿ ಒಬ್ಬ 'ಫೊನ್' ಎಂದು ಹೇಳಿಕೊಂಡು ತಿರುಗುತ್ತಿದ್ದರೆ ಅದು ಕಾನೂನು ಒಪ್ಪದ ಜಂಬ. ನಿಮ್ಮದು ರೈನ್ ತೀರದ ಕಥೆ, ಆ ತೊಡಕಿಲ್ಲ. ಮತ್ತೆ ನಿಮ್ಮ ನಾಯಕನಿಗೆ ಪಾಸ್‌ಪೋರ್ಟೂ ಇಲ್ಲ. ಅವನ ಹೆಸರು ಇರುವುದೇ ನಗಿಸಲಿಕ್ಕೆ. ನಗಿಸದ ಹೆಸರನ್ನು ಹಾಗೇ ದಾಟಿಸಿದರೆ ಅರ್ಧ ಅನುವಾದ ಮಾಡಿದಂತೆ.

ಈಗ ಆ ಹೆಸರನ್ನು ಬಿಡಿಸಿ ನೋಡೋಣ. ಜರ್ಮನ್‌ನಲ್ಲಿ 'ಫೊನ್' ಅಂದರೆ 'ಇಂಥ ಕಡೆಯಿಂದ'. 'ತ್ಸು' ಅಂದರೆ 'ಇಂಥ ಕಡೆ'. ಒಂದು ಮನೆತನ ಒಂದು ಊರಿನಿಂದ ಬಂದಿದ್ದು, ಆ ಊರಿನ ಕೋಟೆ ಇನ್ನೂ ಅವರ ಕೈಯಲ್ಲೇ ಇದ್ದರೆ 'ಫೊನ್ ಉಂಟ್ ತ್ಸು' ಎಂದು ಎರಡನ್ನೂ ಹಾಕಿಕೊಳ್ಳುತ್ತಿದ್ದರು. 'ಔಫ್' ಅಂದರೆ 'ಮೇಲೆ', ಅಂದರೆ ಆ ಎಸ್ಟೇಟಿನ ಮೇಲೆ ಕೂತವನು. ಇದು ನಾಟಕಕಾರರು ಹುಟ್ಟಿಸಿದ್ದಲ್ಲ. ಬರ್ಲಿನ್ನಿನ ಪಶ್ಚಿಮಕ್ಕೆ ಹಾವೆಲ್‌ಲಾಂಡ್‌ನಲ್ಲಿ ರಿಬೆಕ್ ಅನ್ನುವ ಹಳ್ಳಿ ಇದೆ. ಅಲ್ಲಿನ ಯಜಮಾನನ ಮೇಲೆ ಜರ್ಮನ್ ಕವಿ ಫೊಂಟಾನೆ 1889ರಲ್ಲಿ ಬರೆದ ಪದ್ಯ ಜರ್ಮನ್ ಮಕ್ಕಳಿಗೆಲ್ಲ ಬಾಯಿಪಾಠ. ಆ ಯಜಮಾನನ ಹೆಸರು 'ಫೊನ್ ರಿಬೆಕ್ ಔಫ್ ರಿಬೆಕ್'. ಊರಿನ ಹೆಸರು ಎರಡು ಸಲ ಬಂದರೂ ಅಲ್ಲಿ ಯಾರೂ ನಗುವುದಿಲ್ಲ.

ಉದ್ದವೂ ನಗು ತರುವುದಿಲ್ಲ. 2009ರಲ್ಲಿ ಗುಟ್ಟೆನ್‌ಬೆರ್ಗ್ ಜರ್ಮನಿಯ ಅರ್ಥವ್ಯವಹಾರ ಮಂತ್ರಿಯಾದಾಗ ಅವರಿಗೆ ಹತ್ತು ಮೊದಲ ಹೆಸರುಗಳಿದ್ದವು. ಯಾರೋ ಒಬ್ಬರು ವಿಕಿಪೀಡಿಯಾದಲ್ಲಿ ನಡುವೆ 'ವಿಲ್‌ಹೆಲ್ಮ್' ಅಂತ ಇನ್ನೊಂದನ್ನು ಸೇರಿಸಿದರು. ದೊಡ್ಡ ದೊಡ್ಡ ಪತ್ರಿಕೆಗಳು ಹನ್ನೊಂದನ್ನೂ ಅಚ್ಚು ಹಾಕಿದವು! ನಿಜವಾದ ಹೆಸರೇ ಅಷ್ಟು ಉದ್ದ ಇರುವಾಗ ಸುಳ್ಳು ಹೆಸರು ಯಾರ ಕಣ್ಣಿಗೂ ಬೀಳಲಿಲ್ಲ. ಸುಮ್ನೆ ಉದ್ದ ಮಾಡಿದರೆ ನಗು ಬರುತ್ತದೆ ಅಂದುಕೊಳ್ಳುವ ಅನುವಾದಕರು ಇದನ್ನು ನೆನಪಿಟ್ಟುಕೊಳ್ಳಬೇಕು.

ಹಾಗಾದರೆ ನಗು ಎಲ್ಲಿದೆ? 'ಹಾಬೆನಿಶ್ಟ್ಸ್' ಅನ್ನುವುದು ಜರ್ಮನ್‌ನಲ್ಲಿ ದಿನಬಳಕೆಯ ಮಾತು. ಹಾಬೆ ಅಂದರೆ 'ನನ್ನ ಹತ್ತಿರ ಇದೆ', ನಿಶ್ಟ್ಸ್ ಅಂದರೆ 'ಏನೂ ಇಲ್ಲ'. ಏನೂ ಇಲ್ಲದವನಿಗೆ ಹಾಗನ್ನುತ್ತಾರೆ. ಅದಕ್ಕೆ 'ಫೊನ್ ಉಂಟ್ ತ್ಸು' ಸೇರಿಸಿದರೆ 'ಇಲ್ಲದ ಊರಿಂದ ಬಂದು ಇಲ್ಲದ ಊರಲ್ಲೇ ಕೂತವನು' ಎಂದಾಯಿತು. 'ಲೇರ್' ಅಂದರೆ ಖಾಲಿ, 'ಫೆಲ್ಸ್' ಅಂದರೆ ಬಂಡೆ. ಮುಂದೆ ದೊಡ್ಡ ಬಹುಪರಾಕ್, ಹಿಂದೆ ಬರಿಗೈ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಅಂತೀವಲ್ಲ, ಅದನ್ನೇ ಒಂದು ಹೆಸರಿನಲ್ಲಿ ಹೇಳಿದ್ದಾರೆ. ಮಲ್ಲಿಗೆ ಮತ್ತು ಖಾಲಿ ಹೊಟ್ಟೆ ಎರಡೂ ಒಂದೇ ಉಸಿರಿನಲ್ಲಿ ಕಿವಿಗೆ ಬೀಳಬೇಕು. ಒಂದು ಕೇಳಿಸಿ ಇನ್ನೊಂದು ಕೇಳಿಸದಿದ್ದರೆ ಜೋಕ್ ಸತ್ತಿತು.

ಇಂಗ್ಲಿಷ್ ಪ್ರೇಕ್ಷಕರಿಗೆ ಮಲ್ಲಿಗೆ ಕೇಳಿಸುತ್ತದೆ. 'ಫೊನ್' ಅನ್ನು ಅವರು 'ವಾನ್' ಅನ್ನುತ್ತಾರೆ, ಅಷ್ಟೆ. ಅದು ದೊಡ್ಡ ಮನೆತನದ ಗುರುತು ಅಂತ ಅವರಿಗೆ ಚೆನ್ನಾಗಿ ಗೊತ್ತು. 'ಉಂಟ್ ತ್ಸು' ಅರ್ಥವಾಗದಿದ್ದರೂ ಅದರ ಠೀವಿ ತಲುಪುತ್ತದೆ. ಆದ್ದರಿಂದ ಆ ಮೂರು ಪದ ಹಾಗೇ ಇರಲಿ. ಖಾಲಿ ಹೊಟ್ಟೆ ಮಾತ್ರ ಅವರಿಗೆ ಕೇಳಿಸುವುದಿಲ್ಲ. ಬದಲಿಸಬೇಕಾದದ್ದು ಅದೊಂದೇ.

ಹೀಗೆ ಅರ್ಧ ಬಿಟ್ಟು ಅರ್ಧ ಬದಲಿಸುವುದು ಎಲ್ಲ ಕಡೆ ನಡೆಯುವುದಿಲ್ಲ. ಬರ್ಲಿನ್ ಕಡೆ ಬಟ್ಟೆ ಬರೆ ಜೋರು ಮಾಡಿಕೊಂಡು ಮೆರೆಯುವವನನ್ನು 'ಗ್ರಾಫ್ ಕೋಕ್ಸ್ ಫೊನ್ ಡೆರ್ ಗಾಸ್‌ಆನ್‌ಷ್ಟಾಲ್ಟ್' ಅನ್ನುತ್ತಾರೆ. ಗ್ಯಾಸ್ ಕಾರ್ಖಾನೆಯ ಕೋಕ್ ಸಾಹೇಬರು! ಕಲ್ಲಿದ್ದಲಿನಿಂದ ಬೀದಿ ದೀಪದ ಗ್ಯಾಸ್ ತೆಗೆದ ಮೇಲೆ ಉಳಿಯುವ ಸರಕೇ ಕೋಕ್. ಬರ್ಲಿನ್ನಿನ ಬೀದಿಗೆ 1826ರಲ್ಲಿ ಗ್ಯಾಸ್ ದೀಪ ಹಾಕಿದ್ದು ಒಂದು ಇಂಗ್ಲಿಷ್ ಕಂಪನಿಯೇ. ಆದರೂ ಇವತ್ತು ಇಂಗ್ಲಿಷಿನಲ್ಲಿ 'ಕೌಂಟ್ ಕೋಕ್' ಅಂದರೆ ಜನಕ್ಕೆ ಮೊದಲು ನೆನಪಾಗುವುದು ತಂಪು ಪಾನೀಯ, ಇಲ್ಲವೇ ಕೊಕೇನ್. ಇಲ್ಲಿ ಪದ ಪದ ಹಿಡಿದು ಹೋಗುವ ಬದಲು ಬ್ರಿಟಿಷರ ಬಾಯಲ್ಲೇ ಇರುವ 'ಲಾರ್ಡ್ ಮಕ್' ಅನ್ನು ತೆಗೆದುಕೊಳ್ಳಿ. ಮಕ್ ಅಂದರೆ ಗೊಬ್ಬರ, ಕೊಳೆ. ಇವನೇನು ದೊಡ್ಡ ಲಾರ್ಡ್ ಮಕ್ಕೋ ಅಂತ ಅವರು ಅನ್ನುವುದೂ, ಬರ್ಲಿನ್ನಿನವರು ಗ್ರಾಫ್ ಕೋಕ್ಸ್ ಅನ್ನುವುದೂ ಒಂದೇ ಸಂದರ್ಭದಲ್ಲಿ. ಯಾರೋ ಒಬ್ಬ ಇನ್ನೊಬ್ಬನನ್ನು ಮಾತಿನ ನಡುವೆ ಹಂಗಿಸುವಾಗ ಇದು ಸರಿ. ನಾಟಕದ ಪಾತ್ರಕ್ಕೇ ಈ ಹೆಸರಿಟ್ಟರೆ ಅವನು ರೈನ್ ನದಿ ಬಿಟ್ಟು ಇಂಗ್ಲೆಂಡಿಗೆ ವಲಸೆ ಹೋದಂತೆ ಆಗುತ್ತದೆ.

ಜರ್ಮನಿಯಲ್ಲೇ ಇರಬೇಕು, ಇಂಗ್ಲಿಷರಿಗೂ ಅರ್ಥವಾಗಬೇಕು. ಇದಕ್ಕೆ ದಾರಿ ತೋರಿಸಿದವರು ಇಂಗ್ಲಿಷ್ ಲೇಖಕರೇ. ಥ್ಯಾಕರೆ 1830–31ರಲ್ಲಿ, ಚಿಕ್ಕ ವಯಸ್ಸಿನಲ್ಲಿ, ವೈಮಾರ್‌ನಲ್ಲಿದ್ದರು. ಪುಟ್ಟ ಆಸ್ಥಾನ, ದೊಡ್ಡ ದೊಡ್ಡ ಬಿರುದು. ಮುಂದೆ 1847–48ರಲ್ಲಿ ಬಂದ ತಮ್ಮ ದೊಡ್ಡ ಕಾದಂಬರಿಯಲ್ಲಿ ಅಂಥದೇ ಒಂದು ಸಂಸ್ಥಾನ ಕಟ್ಟಿ ಅದಕ್ಕೆ 'ಪಂಪರ್‌ನಿಕಲ್' ಎಂದು ಹೆಸರಿಟ್ಟರು. ವೆಸ್ಟ್‌ಫಾಲಿಯಾದ ಕಪ್ಪು ರೈ ಬ್ರೆಡ್ಡಿನ ಹೆಸರು ಅದು. ಅಲ್ಲಿನ ದೊರೆಯನ್ನು ಅವರು ಕರೆದದ್ದು 'ಹಿಸ್ ಟ್ರಾನ್ಸ್‌ಪೇರೆನ್ಸಿ' ಅಂತ. ಪಾರದರ್ಶಕ ಪ್ರಭುಗಳು! ಜರ್ಮನ್ ರಾಜರನ್ನು ಕರೆಯುವ 'ದುರ್ಶ್‌ಲೌಖ್ಟ್' ಅನ್ನುವ ಪದದಲ್ಲಿ 'ಬೆಳಕು ಹಾಯ್ದು ಹೊಳೆಯುವ' ಅನ್ನುವ ಅರ್ಥ ಅಡಗಿದೆ. ಇಂಗ್ಲಿಷಿನಲ್ಲಿ ಅದಕ್ಕೆ ರೂಢಿಯ ಮಾತು 'ಸೆರೀನ್ ಹೈನೆಸ್'. ಥ್ಯಾಕರೆ ಬೇಕೆಂದೇ ಬೇರು ಹಿಡಿದು ಅನುವಾದ ಮಾಡಿದರು. ನಾನು ಮೊದಲ ಸಲ ಅದನ್ನು ಓದಿದಾಗ ಪುಸ್ತಕ ಕೆಳಗಿಟ್ಟು ನಕ್ಕಿದ್ದೆ. ಪದಶಃ ಅನುವಾದ ತಪ್ಪು ಅಂತ ನಮಗೆಲ್ಲ ಪಾಠ ಹೇಳುತ್ತಾರೆ. ಸರಿಯಾದ ಜಾಗದಲ್ಲಿ ಅದೇ ಒಳ್ಳೆಯ ಆಯುಧವಾಗುತ್ತದೆ. 1896ರಲ್ಲಿ ಗಿಲ್ಬರ್ಟ್ ಮತ್ತು ಸಲಿವನ್ ಅವರ ಕೊನೆಯ ಸಂಗೀತ ನಾಟಕದಲ್ಲಿ ಬರುವ 'ಫೆನಿಗ್ ಹಾಲ್ಬ್‌ಫೆನಿಗ್' ಸಂಸ್ಥಾನವೂ ಇದೇ ಜಾತಿ. ಕಾಸು-ಅರೆಕಾಸು ಸಂಸ್ಥಾನ. ಪಂಪರ್‌ನಿಕಲ್ ಆಗಲಿ ಫೆನಿಗ್ ಆಗಲಿ, ಜರ್ಮನ್ ಬಾರದ ಇಂಗ್ಲಿಷರಿಗೂ ಗೊತ್ತಿದ್ದ ಮಾತು. ಇದನ್ನು ಗಮನಿಸಿ.

ಒಂದು ಎಚ್ಚರಿಕೆ ಮಾತ್ರ ಬೇಕು. ಥ್ಯಾಕರೆ ಓದುಗರು ಇಂಗ್ಲಿಷರು, ಅವರು ನಕ್ಕದ್ದು ಪಕ್ಕದ ದೇಶದವರನ್ನು ನೋಡಿ. ನಿಮ್ಮ ನಾಟಕದಲ್ಲಿ ಜರ್ಮನರು ತಮ್ಮನ್ನೇ ನೋಡಿ ನಗುತ್ತಿದ್ದಾರೆ. ಹೆಸರುಗಳನ್ನು ತುಂಬಾ ಗಡಸು ಮಾಡಿ, ಎಲ್ಲ ಕಡೆ 'ಖ್ಟ್' 'ಶ್ಟ್' ತುರುಕಿದರೆ ಇಂಗ್ಲಿಷ್ ಪ್ರೇಕ್ಷಕರು ಜಂಬ ನೋಡಿ ನಗುವ ಬದಲು ಜರ್ಮನ್ ಉಚ್ಚಾರಣೆ ಕೇಳಿ ನಗತೊಡಗುತ್ತಾರೆ. ಬರೆದವರಿಗೆ ಅದು ಅನ್ಯಾಯ. ನನಗೆ ಈ ವಿಷಯ ಮುಖ್ಯ ಅನಿಸುತ್ತದೆ. ಒಂದೆರಡು ಕಡೆ ಇಂಥ ಪದ ಸಾಕು.

ಈಗ ನಿಮ್ಮ ಕಾರ್ನಿವಲ್ ರಾಜಕುಮಾರ. ಇಡೀ ನಾಟಕದಲ್ಲಿ ಖುಷಿ ಕೊಡುವ ಜಾಗ ಇದು, ಅಲ್ವಾ? ಕೊಲೋನ್‌ನಲ್ಲಿ 1823ರಲ್ಲಿ ಕಾರ್ನಿವಲ್ಲಿಗೆ ಈಗಿನ ರೂಪ ಬಂತು. ಪ್ರತಿ ವರ್ಷ ಅಲ್ಲಿ ಮೂವರ ಒಂದು ಸುಳ್ಳು ಆಸ್ಥಾನ ಕೂರುತ್ತದೆ: ರಾಜಕುಮಾರ, ರೈತ, ಕನ್ಯೆ. ರಾಜಕುಮಾರನಿಗೆ 'ಝೈನೆ ಟೊಲಿಟೇಟ್', ರೈತನಿಗೆ 'ಝೈನೆ ಡೆಫ್ಟಿಶ್‌ಕೈಟ್', ಕನ್ಯೆಗೆ 'ಈರೆ ಲೀಪ್‌ಲಿಶ್‌ಕೈಟ್'. ಈ ಪದಗಳನ್ನು ಹೇಗೆ ಹೊಲಿದಿದ್ದಾರೆ ನೋಡಿ. ರಾಜನಿಗೆ 'ಮಯೆಸ್ಟೇಟ್' ಅನ್ನುತ್ತಾರೆ. ಅದರ ಬಾಲ ಕತ್ತರಿಸಿ 'ಟೊಲ್' ಅನ್ನುವ ಪದಕ್ಕೆ ಅಂಟಿಸಿದ್ದಾರೆ. ಟೊಲ್ ಅಂದರೆ ಹುಚ್ಚು ಅಂತಲೂ ಆಗುತ್ತದೆ, ಭರ್ಜರಿ ಅಂತಲೂ ಆಗುತ್ತದೆ. ಉಳಿದ ಎರಡೂ ಮಾಮೂಲಿ ಜರ್ಮನ್ ಪದಗಳೇ. ಆದರೆ 'ಹೋಹೈಟ್' ಅಂದರೆ ಹೈನೆಸ್ ಇದ್ದ ಜಾಗದಲ್ಲಿ ಅವನ್ನು ಕೂರಿಸಿದ್ದಾರೆ.

'ಹಿಸ್ ಮ್ಯಾಡ್‌ನೆಸ್' ಅಂತ ಅನುವಾದ ಮಾಡಿದರೆ ಅರ್ಥ ಬಂತು, ಹೊಲಿಗೆ ಬಿಟ್ಟುಹೋಯಿತು. ಮಾನಸಿಕ ಕಾಯಿಲೆಯ ನೆರಳೂ ಬೀಳುತ್ತದೆ. ನಾನಾದರೆ 'ಹಿಸ್ ಮ್ಯಾಡ್‌ಜೆಸ್ಟಿ' ಅನ್ನುತ್ತೇನೆ. ಮ್ಯಾಡ್ ಮತ್ತು ಮೆಜೆಸ್ಟಿ ಎರಡೂ ಕೇಳಿಸುತ್ತವೆ. ಜರ್ಮನ್‌ನಲ್ಲಿ ಮಾಡಿದ ಕಸುಬನ್ನೇ ಇಂಗ್ಲಿಷಿನಲ್ಲೂ ಮಾಡಿದಂತಾಯಿತು. ನಿಮ್ಮ ನಾಟಕದಲ್ಲಿ ರೈತನೂ ಬಂದರೆ 'ಹಿಸ್ ಹಾರ್ಟಿನೆಸ್' ಅನ್ನಿ. 'ಡೆಫ್ಟಿಶ್' ಅಂದರೆ ಹೊಟ್ಟೆ ತುಂಬ ಉಂಡು ಗಟ್ಟಿಮುಟ್ಟಾಗಿರುವ, ಒರಟಾದರೂ ಆತ್ಮೀಯವಾದ. 'ಹಾರ್ಟಿ' ಅದಕ್ಕೆ ಬಹಳ ಹತ್ತಿರ. 'ಹೈನೆಸ್' ಶುರುವಾಗುವ ಅಕ್ಷರದಿಂದಲೇ ಇದೂ ಶುರುವಾಗುತ್ತದೆ, ಕೊನೆಯೂ ಒಂದೇ. ಕನ್ಯೆಗೆ 'ಹರ್ ಲವ್ಲಿನೆಸ್', ಅದರಲ್ಲಿ ಯೋಚನೆ ಮಾಡುವಂಥದ್ದು ಏನೂ ಇಲ್ಲ. ಒಂದೇ ವಿಷಯ, ಕೊಲೋನ್ ಪದ್ಧತಿಯಲ್ಲಿ ಕನ್ಯೆಯ ವೇಷ ಹಾಕುವುದು ಸಾಮಾನ್ಯವಾಗಿ ಗಂಡಸು. ಇಂಗ್ಲಿಷ್ ತಂಡಕ್ಕೆ ಅದನ್ನು ತಿಳಿಸಿ.

ಗುಮಾಸ್ತನ ಹೆಂಡತಿಗೆ ಬರೋಣ. ಇದರ ಬೇರು ಜರ್ಮನ್ ನಾಟಕಕಾರ ಕೊಟ್ಸೆಬು 1803ರಲ್ಲಿ ಪ್ರಕಟಿಸಿದ ಒಂದು ನಗೆನಾಟಕದಲ್ಲಿದೆ. ಕ್ರೇವಿಂಕೆಲ್ ಅನ್ನುವ ಕಲ್ಪನೆಯ ಊರು, ಅಂದರೆ 'ಕಾಗೆ ಮೂಲೆ'. ಅಲ್ಲಿ ಬಿರುದಿಲ್ಲದೆ ಯಾರನ್ನೂ ಕರೆಯುವಂತಿಲ್ಲ. ಒಬ್ಬಾಕೆ 'ಫ್ರೌ ಉಂಟರ್‌ಷ್ಟಾಯರ್‌ಐನ್‌ನೇಮರಿನ್ ಷ್ಟಾರ್'. ಕಿರಿಯ ತೆರಿಗೆ ವಸೂಲಿದಾರನ ಹೆಂಡತಿ ಷ್ಟಾರ್ ಅಮ್ಮ. ಇನ್ನೊಬ್ಬ ಕಟ್ಟಡ, ಗಣಿ ಮತ್ತು ರಸ್ತೆ ಇನ್ಸ್‌ಪೆಕ್ಟರನ ಬದಲಿ ನೌಕರ, ಹೆಸರು ಷ್ಪೆರ್ಲಿಂಗ್, ಅಂದರೆ ಗುಬ್ಬಚ್ಚಿ. ಆ ನಾಟಕ ಎಷ್ಟು ಹಬ್ಬಿತು ಅಂದರೆ ಸಣ್ಣ ಊರಿನ ಸಣ್ಣ ಬುದ್ಧಿಗೆ ಜರ್ಮನ್‌ನಲ್ಲಿ 'ಕ್ರೇವಿಂಕೆಲೈ' ಅನ್ನುವ ಪದವೇ ಹುಟ್ಟಿಕೊಂಡಿತು.

ಗಂಡನ ಹುದ್ದೆ ಹೆಂಡತಿಗೆ ಅಂಟುವುದು ನಮಗೇನೂ ಹೊಸದಲ್ಲ. ಡಾಕ್ಟ್ರಮ್ಮ, ಮೇಷ್ಟ್ರಮ್ಮ, ಪಟೇಲಮ್ಮ ಅಂತ ನಾವು ಕರೆದೇ ಕರೆಯುತ್ತೇವೆ. ಇಂಗ್ಲಿಷಿನಲ್ಲಿ ಆ ರೂಢಿ ಇಲ್ಲ. ಹಾಗಾಗಿ ಅಲ್ಲಿ 'ಮಿಸೆಸ್' ಆದ ತಕ್ಷಣ ಗಂಡನ ಹುದ್ದೆಯನ್ನು ಹಾಕಿಬಿಡಬೇಕು, ಕೇಳಿದವರು ಅರೆಕ್ಷಣ ತಬ್ಬಿಬ್ಬಾಗಬೇಕು. ಜರ್ಮನ್ ಒಂದೇ ಪದಕ್ಕೆ ಡಬ್ಬಿ ಮೇಲೆ ಡಬ್ಬಿ ಜೋಡಿಸುತ್ತದೆ. ಇಂಗ್ಲಿಷಿನಲ್ಲಿ ಉದ್ದ ಬರುವುದು ಆಕ್ಟಿಂಗ್, ಡೆಪ್ಯುಟಿ, ಅಸಿಸ್ಟೆಂಟ್, ಅಂಡರ್ ಇವುಗಳ ಸಾಲಿನಿಂದ. ಬ್ರಿಟಿಷರು ಬಿಟ್ಟುಹೋದ ಆಫೀಸಿನ ಇಂಗ್ಲಿಷ್ ನಮ್ಮಲ್ಲಿ ಇನ್ನೂ ಇದೆ, ನಿಮ್ಮ ಕಿವಿಗೆ ಇದು ಸುಲಭ. 'ಮಿಸೆಸ್ ಆಕ್ಟಿಂಗ್ ಡೆಪ್ಯುಟಿ ಅಂಡರ್-ಕಲೆಕ್ಟರ್ ಸ್ಪ್ಯಾರೋ' ಅಂತ ಒಂದು ಸಲ ಗಟ್ಟಿಯಾಗಿ ಹೇಳಿ ನೋಡಿ. ಬಿರುದಿನ ದೊಡ್ಡ ಮೆರವಣಿಗೆ ಮುಗಿದ ಮೇಲೆ ಕೊನೆಯಲ್ಲಿ ಒಂದು ಗುಬ್ಬಚ್ಚಿ ಬರಬೇಕು. ಪುಟ್ಟ ಹೆಸರು ಕೊನೆಗೇ ಬರಲಿ, ಆ ಕ್ರಮ ಬದಲಿಸಬೇಡಿ. ಮತ್ತೆ ಪ್ರತಿ ಸಲವೂ ಪೂರ್ತಿ ಹೇಳಿಸಿ, ಒಂದು ಕಡೆಯೂ ಮೊಟಕು ಮಾಡಬೇಡಿ.

ಕೆಲವು ಹೆಸರು ಅದೃಷ್ಟದಿಂದ ತಾವಾಗಿಯೇ ದಾಟುತ್ತವೆ. 1911ರಲ್ಲಿ ಡ್ರೆಸ್ಡೆನ್‌ನಲ್ಲಿ ಮೊದಲು ಆಡಿದ 'ಡೆರ್ ರೋಜೆನ್‌ಕವಲೀರ್' ಅನ್ನುವ ಆಪೆರಾದಲ್ಲಿ ಒಬ್ಬ ಒರಟು ಬ್ಯಾರನ್ ಇದ್ದಾನೆ, ಹೆಸರು ಓಕ್ಸ್. ಜರ್ಮನ್‌ನಲ್ಲಿ ಓಕ್ಸ್ ಅಂದರೆ ಎತ್ತು, ಇಂಗ್ಲಿಷ್ ಕಿವಿಗೂ ಆಕ್ಸ್ ಅಂತಲೇ ಕೇಳಿಸುತ್ತದೆ. ಕೆಲವು ಅರ್ಧ ದಾಟುತ್ತವೆ. ಜರ್ಮನ್ ನಾಟಕಕಾರ ಬ್ಯೂಷ್ನರ್ 1836ರಲ್ಲಿ ಬರೆದ ನಾಟಕದಲ್ಲಿ ಎರಡು ರಾಜ್ಯಗಳಿವೆ, ಪೊಪೊ ಮತ್ತು ಪಿಪಿ. ಮಕ್ಕಳ ಭಾಷೆಯಲ್ಲಿ ಒಂದು ಕುಂಡಿ, ಇನ್ನೊಂದು ಸುಸು. ಇಂಗ್ಲಿಷರಿಗೆ ಪಿಪಿ ತಿಳಿಯುತ್ತದೆ, ಪೊಪೊ ತಿಳಿಯುವುದಿಲ್ಲ.

ದರ್ಜೆಯ ವಿಷಯದಲ್ಲಿ ತಪ್ಪಬೇಡಿ. ಫ್ರೈಹೆರ್ ಅಂದರೆ ಬ್ಯಾರನ್. ಗ್ರಾಫ್ ಅಂದರೆ ಕೌಂಟ್. ಇಂಗ್ಲೆಂಡಿನಲ್ಲಿ ಅದೇ ಅಂತಸ್ತಿನವನು 'ಅರ್ಲ್' ಆದರೂ ಜರ್ಮನ್ ಪಾತ್ರಕ್ಕೆ ಆ ಪದ ಹಾಕಬಾರದು, ಹಾಕಿದರೆ ಅವನು ಇಂಗ್ಲಿಷಿನವನಾಗುತ್ತಾನೆ. ಫ್ಯುರ್ಸ್ಟ್ (ಸಂಸ್ಥಾನದ ದೊರೆ) ಮತ್ತು ಪ್ರಿಂಟ್ಸ್ (ರಾಜಕುಮಾರ) ಎರಡೂ ಇಂಗ್ಲಿಷಿನಲ್ಲಿ 'ಪ್ರಿನ್ಸ್' ಆಗಿಬಿಡುತ್ತವೆ. ನಾಟಕದಲ್ಲಿ ಅವರಿಬ್ಬರ ನಡುವೆ ಜಗಳವಿದ್ದರೆ ಬೇರೆ ಉಪಾಯ ಬೇಕು. 'ಹೋಖ್‌ವೋಲ್‌ಗೆಬೋರೆನ್' (ದೊಡ್ಡ ಕುಲದಲ್ಲಿ ಹುಟ್ಟಿದವರು) ಅನ್ನುವ ಸಂಬೋಧನೆ ಬಂದ ಕಡೆ ಸುಮ್ನೆ 'ಯುವರ್ ಲಾರ್ಡ್‌ಶಿಪ್' ಸಾಕು.

ಕೊನೆಗೆ ನಿಮ್ಮ ನಾಯಕ. ನಾನು ಬಿಳಿ ಹಾಳೆಯಲ್ಲಿ ಒಂದಷ್ಟು ಗೀಚಿದೆ. ಸ್ಕಾಟ್ಲೆಂಡಿನಲ್ಲಿ ಮನೆತನದ ಹೆಸರೂ ಎಸ್ಟೇಟಿನ ಹೆಸರೂ ಒಂದೇ ಆದರೆ 'ಆಫ್ ದ್ಯಾಟ್ ಇಲ್ಕ್' ಎನ್ನುತ್ತಾರೆ. ರಿಬೆಕ್ ಔಫ್ ರಿಬೆಕ್ ಇದ್ದ ಹಾಗೆಯೇ. 'ಹ್ಯಾಸ್‌ನಾಟ್ ಆಫ್ ದ್ಯಾಟ್ ಇಲ್ಕ್' ಅಂದರೆ ನನಗೆ ಬಹಳ ಇಷ್ಟವಾಯಿತು. ಆದರೆ ನಾಯಕನಿಗೆ ಸ್ಕಾಟಿಷ್ ಕೋಟು ಹಾಕಿದಂತಾಗುತ್ತದೆ, ಬಿಟ್ಟೆ. 'ವಾನ್ ನಥಿಂಗ್' ಬರೀ ಸಪ್ಪೆ. ಆಮೇಲೆ ಹೊಳೆದದ್ದು 'ಹ್ಯಾವೆನಾಟ್'. ಇಂಗ್ಲಿಷ್ ಅಕ್ಷರದಲ್ಲಿ ಬರೆಯುವಾಗ ಕೊನೆಗೆ ಎರಡು ಟೀ ಹಾಕಿ. ಕಣ್ಣಿಗೆ ಅದು ಆ ಕಡೆಯ ಮನೆತನದ ಹೆಸರಿನಂತೆ ಕಾಣುತ್ತದೆ. ಬಾಯಲ್ಲಿ ಹೇಳಿದರೆ 'ಹ್ಯಾವ್ ನಾಟ್'. ನಟರಿಗೆ ಮಾತ್ರ 'ಹೇವನ್' ಎಂದು ಎಳೆಯಬಾರದು ಅಂತ ಹೇಳಿಕೊಡಬೇಕು.

ಲೇರೆನ್‌ಫೆಲ್ಸ್ ಅನ್ನು ಹಾಗೇ ಬಿಡಬೇಡಿ. ರೋಮನ್ ಲಿಪಿಯಲ್ಲಿ ಅದರ ಮೊದಲ ನಾಲ್ಕು ಅಕ್ಷರ ಇಂಗ್ಲಿಷಿನಲ್ಲಿ 'ಲಿಯರ್' ಆಗುತ್ತದೆ, ಅಂದರೆ ಹೆಂಗಸರನ್ನು ಕೆಟ್ಟದಾಗಿ ನೋಡುವ ನೋಟ. ಕರಪತ್ರದಲ್ಲಿ ಓದಿದವರು ಪಾತ್ರವನ್ನೇ ತಪ್ಪು ತಿಳಿಯುತ್ತಾರೆ. ನಾನು ಮೊದಲು 'ಬ್ಯಾರೆನ್‌ಸ್ಟೈನ್' ಅಂತ ಬರೆದೆ. ಬ್ಯಾರೆನ್ ಅಂದರೆ ಬಂಜರು. ನಕ್ಷೆ ನೋಡಿದರೆ ರೈನ್ ಕಡೆಯೇ, ಗ್ರೇವೆನ್‌ಬ್ರೋಯಿಶ್ ಊರಿಗೆ ಸೇರಿದ ಬಾರೆನ್‌ಷ್ಟೈನ್ ನಿಜವಾಗಿಯೂ ಇದೆ! ಅಲ್ಲಿನ ಜನಕ್ಕೆ ಬೇಜಾರು ಮಾಡುವುದು ಬೇಡ. 'ಬ್ಯಾರೆನ್‌ರಾಕ್' ಅನ್ನಿ. ಬಂಡೆಯೂ ಉಳಿಯಿತು. ನೀವು ಬೇರೆ ಹೆಸರು ಕಟ್ಟಿದರೂ ನಕ್ಷೆಯಲ್ಲಿ, 1763ರಿಂದ ಬರುತ್ತಿದ್ದ ಗೋಟಾ ಪಂಚಾಂಗದಂಥ ಮನೆತನಗಳ ಪಟ್ಟಿಯಲ್ಲಿ ಒಂದು ಸಲ ಹುಡುಕಿಬಿಡಿ.

ಅಲ್ಲಿಗೆ 'ಬ್ಯಾರನ್ ವಾನ್ ಉಂಟ್ ತ್ಸು ಹ್ಯಾವೆನಾಟ್ ಆಫ್ ಬ್ಯಾರೆನ್‌ರಾಕ್'. ಈಗ ಎರಡನೇ ಅಂಕಕ್ಕೆ ಬನ್ನಿ. ಇಂಥ ಹೆಸರು ಹಿಡಿದು ಮಾಡುವ ಜೋಕ್ ಜರ್ಮನ್‌ನಲ್ಲಿ ಹೀಗಿರಬೇಕು ಅಂದುಕೊಂಡಿದ್ದೇನೆ: ಸಾಲ ಕೊಟ್ಟವನು 'ನನ್ನ ಹಣ ಎಲ್ಲಿ?' ಅಂತ ಕೇಳುತ್ತಾನೆ. ನಾಯಕ 'ಹಾಬೆ ನಿಶ್ಟ್ಸ್' ಅನ್ನುತ್ತಾನೆ. ಅವನು, 'ನಾನು ಕೇಳಿದ್ದು ಹಣ, ಹೆಸರಲ್ಲ' ಅನ್ನುತ್ತಾನೆ. ಹೊಸ ಹೆಸರಿನಲ್ಲಿ 'ಹ್ಯಾವ್ ನಾಟ್, ಸರ್' ಅಂದರೆ ಮುಂದಿನ ಮಾತು ಒಂದಕ್ಷರವೂ ಬದಲಾಗದೆ ಕೂರುತ್ತದೆ. ಕೆಲಸ ಕೊಟ್ಟವರಿಗೆ ಈ ಮೂರು ಸಾಲನ್ನು ಎರಡು ಸಲ ಓದಿ ಕೇಳಿಸಿ, ಒಮ್ಮೆ ಹಳೆಯ ಹೆಸರಿಟ್ಟು, ಒಮ್ಮೆ ಹೊಸದಿಟ್ಟು. ಜರ್ಮನ್ ಬಾರದ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ, ಅವರು ಯಾವಾಗ ನಗುತ್ತಾರೆ ನೋಡಿ.